ನಗೆಯ ಬೆಲೆ ತೆರುವವರು ಯಾರು?

ನಮ್ಮ ಹಲವು ಚಿತ್ರಗಳ ಹಾಸ್ಯದಲ್ಲಿ ‘ನಿಮ್ಹಾನ್ಸ್‌’ ಎಂಬ ಹೆಸರೇ ಒಂದು ನಗೆಮಾತು. ಅಲ್ಲಿ ವಿದ್ಯುತ್ ಚಿಕಿತ್ಸೆಯೆಂದರೆ ರೋಗಿಯನ್ನು ಮಂಚಕ್ಕೆ ಕಟ್ಟಿ ಒದ್ದಾಡಿಸುವ ಶಿಕ್ಷೆ. ವಾಸ್ತವ ಬೇರೆ: ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಔಷಧವನ್ನೂ ಕೊಡದೆ ಆ ಚಿಕಿತ್ಸೆ ನೀಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ನಾನು ಸೇವೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಪದೇ ಪದೇ ರಜೆ ಕೇಳುತ್ತಿದ್ದರು. ಅರ್ಜಿಯಲ್ಲಿ ಪ್ರತಿ ಸಲವೂ ‘ಮಗಳಿಗೆ ಜ್ವರ’ ಎಂದಿರುತ್ತಿತ್ತು. ಅದು ಖಿನ್ನತೆಯೆಂದು ಅವರು ನನಗೆ ಹೇಳಿದ್ದು ನಿವೃತ್ತರಾದ ಮೇಲೆ. ಊಟದ ವೇಳೆ ನಾವು ಆಡುತ್ತಿದ್ದ ‘ಹುಚ್ಚಾಸ್ಪತ್ರೆ’ಯ ಹಾಸ್ಯಕ್ಕೆ ಅವರೂ ನಗುತ್ತಿದ್ದರು, ನಾನೂ ನಕ್ಕಿದ್ದೇನೆ.

ಹಾಗೆಂದು ಕಲೆ ಈ ವಿಷಯವನ್ನು ಮುಟ್ಟಲೇಬಾರದು ಎನ್ನಲಾಗದು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದ ‘ಶರಪಂಜರ’ ಪ್ರಶ್ನಿಸಿದ್ದು ರೋಗಿಯನ್ನಲ್ಲ. ಗುಣಮುಖಳಾಗಿ ಮರಳಿದವಳನ್ನು ನೆಮ್ಮದಿಯಿಂದ ಬಾಳಗೊಡದ ಮನೆಯನ್ನು, ನೆರೆಹೊರೆಯನ್ನು. ಹಾಸ್ಯಕ್ಕೂ ಆ ದಾರಿ ತೆರೆದಿದೆ. ರೋಗವನ್ನು ಮುಚ್ಚಿಡುವ ನಮ್ಮ ಮರ್ಯಾದೆಯನ್ನು, ವೈದ್ಯರಿಗಿಂತ ಮೊದಲು ಮಂತ್ರವಾದಿಯನ್ನು ಹುಡುಕುವ ನಮ್ಮ ಅವಸರವನ್ನು ಅದು ಧಾರಾಳವಾಗಿ ಗೇಲಿ ಮಾಡಲಿ.

ನಿಷೇಧ ಇದಕ್ಕೆ ಮದ್ದಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕೇಳುವುದಿಷ್ಟೇ: ನಗುವವರು ಒಬ್ಬರು, ಬೆಲೆ ತೆರುವವರು ಇನ್ನೊಬ್ಬರು ಆಗಬಾರದು. ಆ ರಜೆ ಅರ್ಜಿಗಳಲ್ಲಿದ್ದ ‘ಜ್ವರ’ ನಮ್ಮ ನಗುವಿಗೆ ಒಬ್ಬ ತಂದೆ ತೆತ್ತ ಬೆಲೆಯಾಗಿತ್ತು.