ಬಾಯ್ಲರ್ ಗುಡುಗುವುದೇಕೆ, ರೇಡಿಯೇಟರಿನಲ್ಲಿ ಕೆಸರೇಕೆ?

ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡ ಓದುಗರೊಬ್ಬರು ಕೇಳಿದ್ದಾರೆ: ‘ಚಳಿಗಾಲದಲ್ಲಿ ಬೆಳಗ್ಗೆ ಹೀಟಿಂಗ್ ಹಾಕಿದೊಡನೆ ಬಾಯ್ಲರ್ ಒಳಗಿಂದ ಗುಡುಗುಡು ಸದ್ದು ಬರುತ್ತದೆ. ರೇಡಿಯೇಟರುಗಳ ಮೇಲ್ಭಾಗ ಸುಡುತ್ತದೆ, ಕೆಳಭಾಗ ತಣ್ಣಗೇ ಇರುತ್ತದೆ. ಯಂತ್ರ ತಂದು ಒಳಗೆಲ್ಲ ತೊಳೆಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?’

ತೊಳೆಸಿದರೆ ಕೊಳೆ ಹೋಗುತ್ತದೆ, ಕೊಳೆ ಹುಟ್ಟುವ ಕಾರಣ ಹೋಗುವುದಿಲ್ಲ. ಆ ಕಾರಣ ಯಾವುದೆಂದು ತಿಳಿಯಲು ಸ್ವಲ್ಪ ರಸಾಯನಶಾಸ್ತ್ರ, ಸ್ವಲ್ಪ ಲೆಕ್ಕ ಸಾಕು.

ಬ್ರಿಟನ್ನಿನ ಹಳೆಯ ಮನೆಗಳ ಹೀಟಿಂಗ್‌ನಲ್ಲಿ ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ತಾಮ್ರದ ಕೊಳವೆಗಳ ಮೂಲಕ ಉಕ್ಕಿನ ರೇಡಿಯೇಟರುಗಳಿಗೆ ದೂಡುತ್ತದೆ. ಕೋಣೆಗೆ ಶಾಖ ಕೊಟ್ಟ ನೀರು ಮರಳಿ ಬಾಯ್ಲರಿಗೆ ಬರುತ್ತದೆ. ಅಟ್ಟದ ಮೇಲೆ ಇದಕ್ಕೆಂದೇ ಒಂದು ಪುಟ್ಟ ತೊಟ್ಟಿಯಿದೆ. ಕಾದು ಹಿಗ್ಗಿದ ನೀರಿಗೆ ಅಲ್ಲಿ ಜಾಗ ಸಿಗುತ್ತದೆ. ನೀರು ಕಡಿಮೆಯಾದರೆ ಬಾಲ್ ವಾಲ್ವ್ ತೆರೆದು ಹೊಸ ನೀರು ಇಳಿಯುತ್ತದೆ. ಯಾರ ಗಮನಕ್ಕೂ ಬಾರದೆ ನಡೆಯುವ ಈ ಭರ್ತಿಯಲ್ಲೇ ತೊಂದರೆಯ ಬೇರಿದೆ.

ರೇಡಿಯೇಟರಿನ ತಳದಲ್ಲಿ ಕೂರುವ ಕಪ್ಪು ಕೆಸರು ಹೊರಗಿನಿಂದ ಬಂದದ್ದಲ್ಲ. ಅದು ಮ್ಯಾಗ್ನೆಟೈಟ್, ರೇಡಿಯೇಟರಿನ ಉಕ್ಕೇ ಸವೆದು ಆದ ಕಬ್ಬಿಣದ ಆಕ್ಸೈಡ್. ನೀರಿಗಿಂತ ಐದು ಪಟ್ಟು ಭಾರವಾದ್ದರಿಂದ ನೀರಿನ ಓಟ ನಿಧಾನವಾದ ಕಡೆ ತಳ ಸೇರುತ್ತದೆ, ಅಲ್ಲಿ ಬಿಸಿನೀರು ಹರಿಯದಂತೆ ಮಾಡುತ್ತದೆ. ಕೆಳಭಾಗ ತಣ್ಣಗಿರುವುದು ಇದರಿಂದ.

ಈಗ ಲೆಕ್ಕ. ಒಂದು ಲೀಟರ್ ತಣ್ಣನೆಯ ನಲ್ಲಿನೀರಿನಲ್ಲಿ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. 100 ಲೀಟರ್ ನೀರು ಹಿಡಿಯುವ ಹೀಟಿಂಗ್ ಎಂದುಕೊಂಡರೆ ಒಟ್ಟು 1 ಗ್ರಾಂ. ಅಷ್ಟೂ ಆಮ್ಲಜನಕ ಕಬ್ಬಿಣದೊಡನೆ ಕೂಡಿದರೆ ಹುಟ್ಟುವ ಮ್ಯಾಗ್ನೆಟೈಟ್ ಬರೀ ಮೂರೂವರೆ ಗ್ರಾಂ, ಒಂದು ಟೀ ಚಮಚವೂ ತುಂಬದು. ಆದರೆ ಹಳೆಯ ರೇಡಿಯೇಟರ್ ಬಿಚ್ಚಿದವರು ಕೆಸರನ್ನು ಮಗ್ಗುಗಟ್ಟಲೆ ಸುರಿಯುತ್ತಾರೆ. ಅದಕ್ಕೆ ಬೇಕಾದ ಆಮ್ಲಜನಕ ಮೊದಲ ಸಲ ತುಂಬಿದ ನೀರಿನಲ್ಲಿ ಇರಲೇ ಇಲ್ಲ. ಎಲ್ಲೋ ಒಂದು ಕಡೆಯಿಂದ ಗಾಳಿಯೋ ಹೊಸ ನೀರೋ ವರ್ಷಗಟ್ಟಲೆ ಒಳಬರುತ್ತಲೇ ಇದ್ದಿರಬೇಕು.

ಆಮ್ಲಜನಕ ಮುಗಿದ ಮೇಲೂ ಸವೆತ ಪೂರ್ತಿ ನಿಲ್ಲುವುದಿಲ್ಲ. ಬಿಸಿನೀರು ಕಬ್ಬಿಣದೊಡನೆ ನಿಧಾನವಾಗಿ ವರ್ತಿಸಿ ಮ್ಯಾಗ್ನೆಟೈಟಿನ ಜೊತೆ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಗೆರ್ಹಾರ್ಡ್ ಶಿಕೋರ್ ಅಧ್ಯಯನ ಮಾಡಿದ ಈ ಕ್ರಿಯೆಗೆ ಅವನದೇ ಹೆಸರಿದೆ. ರೇಡಿಯೇಟರಿನ ಮೇಲ್ಭಾಗ ಪದೇ ಪದೇ ತಣ್ಣಗಾಗುತ್ತಿದ್ದರೆ ಅಲ್ಲಿ ಕೂಡಿರುವುದು ಗಾಳಿಯೇ ಆಗಬೇಕೆಂದಿಲ್ಲ, ಹೈಡ್ರೋಜನ್ ಕೂಡ ಇರಬಹುದು. ಚಾವಿ ತಿರುಗಿಸಿ ಅನಿಲ ಹೊರಬಿಡುವಾಗ ಬೆಂಕಿ ಹತ್ತಿರ ಬೇಡ. ಪಂಪನ್ನೂ ನಿಲ್ಲಿಸಿರಬೇಕು.

ಇನ್ನು ಗುಡುಗಿನ ವಿಷಯ. ಬಚ್ಚಲುಮನೆಯ ಹಂಡೆಗೆ ಸೌದೆ ಹಾಕಿದವರಿಗೆ ಇದು ಹೊಸದಲ್ಲ. ನೀರು ಕುದಿಯುವುದಕ್ಕೆ ಸಾಕಷ್ಟು ಮೊದಲೇ ಹಂಡೆ ಸದ್ದು ಮಾಡತೊಡಗುತ್ತದೆ, ಮರಳುವ ಹೊತ್ತಿಗೆ ಆ ಸದ್ದು ಮೆತ್ತಗಾಗುತ್ತದೆ. ಉರಿ ತಾಗುವ ತಳದಲ್ಲಿ ನೀರು ಆವಿಯಾಗಿ ಗುಳ್ಳೆ ಏಳುತ್ತದೆ. ಮೇಲಿನ ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ಅದಕ್ಕೆ ತಾಗಿದ ಗುಳ್ಳೆಯ ಆವಿ ತಟ್ಟನೆ ನೀರಾಗಿ, ಖಾಲಿಯಾದ ಜಾಗಕ್ಕೆ ಸುತ್ತಲ ನೀರು ನುಗ್ಗಿ ಬಡಿಯುತ್ತದೆ. ಸಾವಿರಾರು ಗುಳ್ಳೆಗಳು ಹೀಗೆ ಕುಸಿಯುವುದೇ ಆ ಸದ್ದು. ನೀರೆಲ್ಲ ಸಮನಾಗಿ ಕಾದ ಮೇಲೆ ಗುಳ್ಳೆಗಳು ಕುಸಿಯದೆ ಮೇಲೆ ಬಂದು ಒಡೆಯುತ್ತವೆ, ಹಂಡೆ ಸುಮ್ಮನಾಗುತ್ತದೆ.

ಈ ಸಾಮಾನ್ಯ ಸಂಗತಿ ದೊಡ್ಡ ವಿಜ್ಞಾನವನ್ನು ಹುಟ್ಟಿಸಿದೆ. ಕಾಯುವ ಕೆಟಲಿನ ಸದ್ದಿಗೆ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಕೊಟ್ಟಿದ್ದ ವಿವರಣೆಯನ್ನು ಓದಿ ಲಾರ್ಡ್ ರೇಲಿ ಗುಳ್ಳೆ ಕುಸಿಯುವಾಗಿನ ಒತ್ತಡವನ್ನು ಲೆಕ್ಕ ಹಾಕಿದರು. 1917ರಲ್ಲಿ ಪ್ರಕಟವಾದ ಆ ಪ್ರಬಂಧದ ಮೊದಲ ಸಾಲುಗಳಲ್ಲೇ ಕೆಟಲಿನ ಪ್ರಸ್ತಾಪವಿದೆ. ಕುಸಿತದ ಕೊನೆಯ ಕ್ಷಣದಲ್ಲಿ ಒತ್ತಡ ಅಗಾಧವಾಗಿ ಏರುತ್ತದೆ ಎಂದು ಅವರು ತೋರಿಸಿದರು. ಹಡಗಿನ ಪ್ರೊಪೆಲ್ಲರುಗಳ ಲೋಹ ಗುಳಿಬಿದ್ದು ಹಾಳಾಗುವುದರ ಹಿಂದೆಯೂ ಇದೇ ಕುಸಿತವಿದೆ. ಅಡುಗೆಮನೆಯ ಸದ್ದೊಂದನ್ನು ಕೇಳಿ ಇಷ್ಟು ದೂರ ಹೋದ ಆ ಇಬ್ಬರನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನಿಮ್ಮ ಬಾಯ್ಲರಿನಲ್ಲಿ ಆಗುತ್ತಿರುವುದೂ ಬಹುಮಟ್ಟಿಗೆ ಇದೇ. ಅಲ್ಲಿ ನೀರು ಕುದಿಯಬಾರದು, ಕಾದರೆ ಸಾಕು. ಆದರೆ ಉರಿ ತಾಗುವ ಲೋಹದ ಒಳಮೈಗೆ ಸುಣ್ಣದ ಪದರವೋ ಕೆಸರೋ ಕಟ್ಟಿಕೊಂಡರೆ ಶಾಖ ನೀರಿಗೆ ಸಲೀಸಾಗಿ ದಾಟುವುದಿಲ್ಲ. ಲೋಹ ಮಿತಿಮೀರಿ ಕಾದು ಅಲ್ಲಲ್ಲಿ ನೀರು ಕುದಿಯುತ್ತದೆ, ಗುಳ್ಳೆ ಎದ್ದು ಕುಸಿಯುತ್ತದೆ. ಪಂಪು ಸೋತು ನೀರಿನ ಓಟ ಕುಂದಿದರೂ ಇದೇ ಸದ್ದು ಬರುತ್ತದೆ.

ರೆಡಿಂಗ್, ಲಂಡನ್ ಕಡೆಯ ನೀರು ಸೀಮೆಸುಣ್ಣದ ಬಂಡೆಗಳ ನಡುವಿನಿಂದ ಬರುವ ಗಡಸು ನೀರು. ಲೀಟರಿಗೆ 250 ಮಿಲಿಗ್ರಾಂ ಸುಣ್ಣ ಎಂದುಕೊಂಡರೂ ಒಂದು ಸಲ ತುಂಬಿದ 100 ಲೀಟರಿನಲ್ಲಿರುವುದು 25 ಗ್ರಾಂ, ಅದು ಮತ್ತೆ ಬೆಳೆಯುವುದಿಲ್ಲ. ದಿನಕ್ಕೆ ಒಂದೇ ಲೀಟರ್ ಸೋರಿ ಅಷ್ಟೇ ಹೊಸ ನೀರು ಇಳಿದರೆ ವರ್ಷಕ್ಕೆ 90 ಗ್ರಾಂ ಸುಣ್ಣ ಸೇರುತ್ತದೆ. ಕೆಸರಿನ ಲೆಕ್ಕವೂ ಸುಣ್ಣದ ಲೆಕ್ಕವೂ ತೋರಿಸುವುದು ಒಂದೇ ಕಡೆಗೆ: ಹೊಸ ನೀರು.

ಹಾಗಾಗಿ ಮೊದಲು ಅಟ್ಟ ಹತ್ತಿ ನೋಡಿ. ಹೀಟಿಂಗ್ ನಡೆಯುತ್ತಿರುವಾಗ ಆ ಪುಟ್ಟ ತೊಟ್ಟಿಯ ನೀರು ತೀರಾ ಬಿಸಿಯಾಗಿದೆಯೇ? ಅದರ ಮೇಲೆ ಬಾಗಿರುವ ಕೊಳವೆಯಿಂದ ನೀರು ಸುರಿಯುತ್ತಿದೆಯೇ? ಹಾಗಿದ್ದರೆ ಪಂಪು ನೀರನ್ನು ಅಲ್ಲಿಗೆ ಎತ್ತಿ ಹಾಕುತ್ತಿದೆ, ಬೀಳುವ ನೀರು ಪ್ರತಿ ಸಲ ಗಾಳಿ ಹೀರಿಕೊಂಡು ಮರಳುತ್ತಿದೆ. ತೊಟ್ಟಿಯಿಂದ ಕೆಳಗಿಳಿಯುವ ಕೊಳವೆ ಹೀಟಿಂಗ್ ಕೊಳವೆಯನ್ನು ಕೂಡುವ ಜಾಗದಲ್ಲಿ ಕೆಸರು ಕಟ್ಟಿದರೂ ಹೀಗಾಗುತ್ತದೆ. ಬಾಲ್ ವಾಲ್ವಿನಿಂದ ಆಗಾಗ ನೀರು ಬೀಳುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಇದನ್ನು ಸರಿಪಡಿಸದೆ ತೊಳೆಸಿದರೆ ಕೆಲವು ವರ್ಷಗಳಲ್ಲಿ ಮತ್ತೆ ಅದೇ ಕೆಸರು.

ಆಮೇಲೆ ತೊಳೆಯುವುದು. ಶುಚಿಗೊಳಿಸುವ ರಾಸಾಯನಿಕ ಹಾಕಿ, ತಯಾರಕರು ಹೇಳಿದಷ್ಟು ಕಾಲ ಹೀಟಿಂಗ್ ನಡೆಸಿ, ನೀರು ತಿಳಿಯಾಗುವವರೆಗೆ ಹೊರಬಿಡಬಹುದು. ತೀರಾ ಕಟ್ಟಿದ ರೇಡಿಯೇಟರನ್ನು ಬಿಚ್ಚಿ ಹಿತ್ತಿಲಿಗೆ ಒಯ್ದು ಪೈಪು ಹಿಡಿದು ತೊಳೆಯಬಹುದು. ಪವರ್ ಫ್ಲಶ್ ಯಂತ್ರ ಜೋರಾಗಿ ನೀರು ಹಾಯಿಸಿ ಚೆನ್ನಾಗಿಯೇ ತೊಳೆಯುತ್ತದೆ. ಆದರೆ ಸವೆದ ರೇಡಿಯೇಟರಿನ ಸಣ್ಣ ತೂತುಗಳನ್ನು ಕೆಲವೊಮ್ಮೆ ಆ ಕೆಸರೇ ಮುಚ್ಚಿರುತ್ತದೆ, ತೊಳೆದ ಮೇಲೆ ಸೋರಬಹುದು. ಪವರ್ ಫ್ಲಶ್ ಅನ್ನು ಸರ್ವರೋಗ ನಿವಾರಕವೆಂದು ಮಾರುವವರ ಮಾತಿಗೆ ಮರುಳಾಗಬೇಡಿ.

ಕೊನೆಗೆ, ಹೊಸ ನೀರಿನ ಜೊತೆ ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕಲೇಬೇಕು. 2019ರ ಬ್ರಿಟಿಷ್ ಮಾನದಂಡ ಬಿಎಸ್ 7593 ಅದನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದೂ ಕೊಳವೆಯಲ್ಲಿ ಕಾಯಂ ಫಿಲ್ಟರ್ ಇರಬೇಕೆಂದೂ ಹೇಳುತ್ತದೆ. ಆಯಸ್ಕಾಂತದ ಫಿಲ್ಟರ್ ಮ್ಯಾಗ್ನೆಟೈಟನ್ನು ಹಿಡಿಯುತ್ತದೆ ನಿಜ, ಹುಟ್ಟದಂತೆ ತಡೆಯುವುದಿಲ್ಲ. ಪ್ರತಿ ವರ್ಷ ಅದು ತುಂಬುತ್ತಿದ್ದರೆ ಮತ್ತೆ ಅಟ್ಟ ಹತ್ತಿ.

ಕೊಳವೆಗಳ ಟಿಕ್ ಟಿಕ್ ಸದ್ದಿಗೆ ಹೆದರಬೇಕಿಲ್ಲ. 10 ಮೀಟರ್ ತಾಮ್ರದ ಕೊಳವೆ 50 ಡಿಗ್ರಿ ಬಿಸಿಯೇರಿದರೆ ಎಂಟೂವರೆ ಮಿಲಿಮೀಟರ್ ಉದ್ದವಾಗುತ್ತದೆ. ನೆಲದ ಮರದ ತೊಲೆಗೆ ಉಜ್ಜುವ ಕಡೆ ಫೆಲ್ಟ್ ತುಂಡು ಸೇರಿಸಿದರೆ ಸದ್ದು ನಿಲ್ಲುತ್ತದೆ.

ಬಾಯ್ಲರಿನ ಕವಚವನ್ನು ಮಾತ್ರ ನೀವೇ ಬಿಚ್ಚಬೇಡಿ. ಅದು ಗ್ಯಾಸಿನದಾದರೆ ಗ್ಯಾಸ್ ಸೇಫ್ ನೋಂದಣಿ ಇರುವವರನ್ನೇ ಕರೆಸಿ. ‘ಹೊಸ ನೀರು ಶುದ್ಧ’ ಎಂದು ಪ್ರತಿ ವರ್ಷ ನೀರು ಬದಲಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಸೋರಿಕೆಯಿಲ್ಲದೆ, ಇನ್‌ಹಿಬಿಟರ್ ಸೇರಿಸಿಕೊಂಡು ಸುತ್ತುತ್ತಿರುವ ಹಳೆಯ ನೀರೇ ನಿಮ್ಮ ಹೀಟಿಂಗಿಗೆ ಒಳ್ಳೆಯದು.