ಬಂಡೆಯ ಸೆಲೆಗೆ ಇಳಿದ ವಿಷ

ಹೊಳೆಮಣ್ಣೂರಿನಂತಹ ಊರಿಗೆ ಮಲಪ್ರಭೆಯಾದರೂ ಇದ್ದಾಳೆ. ಹೊಳೆಯಿಂದ ದೂರ ಸರಿದಂತೆ ರೋಣದ ಸೀಮೆಯ ಭರವಸೆಯೆಲ್ಲ ನೆಲದೊಳಗಿನ ಸೆಲೆಯ ಮೇಲೆ. ಎರೆಮಣ್ಣು, ಗರಸುಗಳನ್ನು ದಾಟಿದ ಮೇಲೆ ಸಿಗುವ ಗಟ್ಟಿ ಕಲ್ಲು ತಾನಾಗಿ ನೀರನ್ನು ಹಿಡಿಯಲಾರದು. ಹಿಡಿಯುವುದು ಅದರ ಬಿರುಕುಗಳು. ಮರಳಿನಲ್ಲಿ ನೀರು ಬಟ್ಟೆಗೆ ತಾಗಿದ ಒದ್ದೆಯಂತೆ ಹಬ್ಬುತ್ತದೆ, ಬಂಡೆಯಲ್ಲಿ ಓಣಿ ಹಿಡಿದು ನಡೆಯುತ್ತದೆ. ಒಬ್ಬನ ಹೊಲದಲ್ಲಿ ನೀರು ಉಕ್ಕಿದರೆ ಬದುವಿನಾಚೆ ಬರಿಯ ಧೂಳು ಹಾರುವುದು ಇದರಿಂದಲೇ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೀರು ನೋಡುವವರ ಬಾಳು ನಡೆದಿರುವುದೂ ಈ ಅನಿಶ್ಚಯದ ಕೃಪೆಯಿಂದ!

ಇಂತಹ ಸೆಲೆಗೆ ಕಾರ್ಖಾನೆಯ ದ್ರಾವಕವೊಂದು ಇಳಿದರೆ? ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುತ್ತ ಬಂದ ಟ್ರೈಕ್ಲೋರೋಎಥಿಲೀನ್ ಎಂಬ ದ್ರವವನ್ನೇ ನೋಡೋಣ. ಸೀಮೆಎಣ್ಣೆ ನೀರಿನ ಮೇಲೆ ತೇಲುತ್ತದೆ. ಇದಾದರೋ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಮುಳುಗುತ್ತದೆ. ಬಿರುಕು ಎತ್ತ ವಾಲಿದೆಯೋ ಅತ್ತ ಜಾರುತ್ತದೆ, ನೀರಿನ ಹರಿವಿಗೆ ಇದಿರಾಗಿಯೂ ಹೋಗಬಲ್ಲುದು. ಕೊನೆಗೆ ಯಾವುದೋ ಕುರುಡು ಸಂದಿಯಲ್ಲಿ ತಂಗಿ, ದಶಕಗಳ ಕಾಲ ಹನಿಹನಿಯಾಗಿ ಕರಗುತ್ತದೆ. ಅಮೆರಿಕೆಯಲ್ಲಿ ಕುಡಿಯುವ ನೀರಿಗೆ ವಿಧಿಸಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಒಂದೇ ಲೀಟರು ದ್ರಾವಕ ಸುಮಾರು 29 ಕೋಟಿ ಲೀಟರು ನೀರನ್ನು ಮಿತಿಯ ಅಂಚಿಗೆ ತರಲು ಸಾಕು. 2012ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವರ್ಗೀಕರಿಸಿತು.

ಬೆಂಗಳೂರಿನ ಪೀಣ್ಯದ ನೆಲವೂ ಬಿರುಕುಬಿಟ್ಟ ಗಟ್ಟಿ ಶಿಲೆಯದೇ. ಅಲ್ಲಿ ಲೋಹಲೇಪನದ ಕ್ರೋಮಿಯಂ ಅಂತರ್ಜಲಕ್ಕಿಳಿದು ಕೊಳವೆಬಾವಿಗಳ ನೀರು ಹಳದಿಯಾದದ್ದು ಬಹುಜನರಿಗೆ ಗೊತ್ತು. ಕ್ರೋಮಿಯಂ ಬಣ್ಣದಿಂದ ತನ್ನನ್ನು ತಾನೇ ಸಾರಿಕೊಂಡಿತು. ಗದಗ ಜಿಲ್ಲೆಯ ಹಲವು ಬಾವಿಗಳಲ್ಲಿರುವ ಫ್ಲೋರೈಡು, ಬಂಡೆಯೇ ಕೊಟ್ಟ ಆ ಪೀಡೆ, ಮಕ್ಕಳ ಹಲ್ಲಿನ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ದ್ರಾವಕಕ್ಕೆ ಬಣ್ಣವಿಲ್ಲ, ಅತ್ಯಲ್ಪ ಪ್ರಮಾಣದಲ್ಲಿ ವಾಸನೆಯೂ ತಿಳಿಯದು. ಗಡಸುತನ, ಉಪ್ಪು, ಫ್ಲೋರೈಡುಗಳನ್ನಷ್ಟೇ ಅಳೆಯುವ ವಾಡಿಕೆಯ ಪರೀಕ್ಷೆ ಇದನ್ನು ಹುಡುಕುವುದೇ ಇಲ್ಲ. ನೀರು ಕುದಿಸಿದರೆ ಅದು ಆವಿಯಾಗಿ ಅಡಿಗೆಮನೆಯ ಗಾಳಿಗೆ ಸೇರುತ್ತದೆ, ಅಷ್ಟೆ.

ಅಮೆರಿಕೆಯ ವೋಬರ್ನ್ ಪಟ್ಟಣದಲ್ಲಿ ಇಂತಹ ದ್ರಾವಕಗಳು ಕಂಡುಬಂದು 1979ರಲ್ಲಿ ಊರಿನ ಎರಡು ಬಾವಿಗಳನ್ನು ಮುಚ್ಚಿದರು. ಶುದ್ಧೀಕರಣ ಮೂರು ದಶಕಗಳ ಆಚೆಗೂ ನಡೆಯಿತು. ಬಂಡೆಯಲ್ಲಿ ಈ ಕೆಲಸ ಇನ್ನೂ ಕಷ್ಟ. ಪಂಪು ನಡೆಯುವಷ್ಟು ದಿನ ನೀರು ತಿಳಿಯಾದಂತೆ ತೋರುತ್ತದೆ, ನಿಲ್ಲಿಸಿದರೆ ಸಂದಿಯೊಳಗಿನ ವಿಷ ಮತ್ತೆ ಒಸರುತ್ತದೆ.

ನಾವು ಕೊರೆದು, ನೀರು ಬಾರದೆ ಬಿಟ್ಟ ಬಾವಿಗಳ ಮಾತನ್ನೂ ಇಲ್ಲಿ ಹೇಳಬೇಕು. ಬಾಯ್ತೆರೆದ ಒಣ ಕೊಳವೆಬಾವಿ, ಮಣ್ಣು ತಡೆಯಬಹುದಾಗಿದ್ದ ಹೊಲಸನ್ನು ನೇರ ಬಂಡೆಗೇ ಇಳಿಸುತ್ತದೆ. ಮೇಲಿನ ಸೀಳಿಗೂ ಕೆಳಗಿನ ಸೀಳಿಗೂ ಪ್ರಕೃತಿ ಇಡದಿದ್ದ ದಾರಿಯನ್ನು ತೆರೆದುಕೊಡುತ್ತದೆ. ಅದರ ಬಾಯಿಗೆ ಬರಿಯ ಚಪ್ಪಡಿ ಎಳೆದರೆ ಮಕ್ಕಳು ಬೀಳುವುದು ತಪ್ಪೀತು. ಈ ದಾರಿ ಮುಚ್ಚಬೇಕಾದರೆ ತಳದಿಂದ ಮೇಲಿನವರೆಗೆ ಜೇಡಿಮಣ್ಣನ್ನೋ ಸಿಮೆಂಟನ್ನೋ ತುಂಬಬೇಕು.