ತೋಟದ ನಾಯಿಗೆ ಆಪತ್ತು ಬಂದಾಗ: ಮೊದಲ ಗಂಟೆಯ ಕೆಲಸ



ಅಡಿಕೆ ಧಾರಣೆ, ಗೊಬ್ಬರದ ಹಂಚಿಕೆ, ಕಾಫಿಯ ನೆರಳು ಮುಂತಾದ ವಿಷಯಗಳ ನಡುವೆ ನಾಯಿಯ ಮಾತಿಗೆ ಈ ಪುಟಗಳಲ್ಲಿ ಜಾಗವೇಕೆಂದು ಕೆಲವರಿಗೆ ಅನಿಸಬಹುದು. ಆದರೆ ಅಂಗಳದಲ್ಲಿ ಹರಡಿದ ಅಡಿಕೆಯನ್ನು ರಾತ್ರಿಯೆಲ್ಲ ಕಾಯುವುದು, ತೋಟಕ್ಕೆ ಹಂದಿ ನುಗ್ಗಿದಾಗ ಮೊದಲು ಕೂಗುವುದು, ಮಕ್ಕಳ ಮುಂದೆ ಹೋಗಿ ಹಾವನ್ನು ತಡೆಯುವುದು ಮನೆಯ ನಾಯಿಯೇ. ಆ ನಾಯಿಗೆ ಆಪತ್ತು ಬಂದರೆ ನಮ್ಮಲ್ಲಿ ಬಹುಮಂದಿ ಮಾಡುವುದು ಒಂದೇ: ಬೆಳಗಾಗಲಿ ನೋಡೋಣ ಎಂದು ಮಲಗುವುದು.

ನಾವೂ ಹಾಗೆಯೇ ಮಾಡಿದೆವು. ಒಂದು ಮುಂಗಾರಿನಲ್ಲಿ ಶಂಖದ ಹುಳುವಿನ ಕಾಟ ತಾಳಲಾರದೆ ತೋಟಕ್ಕೆ ಮೆಟಾಲ್ಡಿಹೈಡ್ ಗುಳಿಗೆ ಚೆಲ್ಲಿಸಿ, ಉಳಿದ ಪೊಟ್ಟಣವನ್ನು ಬಾಯಿ ಕಟ್ಟದೆ ಕೊಟ್ಟಿಗೆಯ ಮೂಲೆಯಲ್ಲಿಟ್ಟೆವು. ರಾತ್ರಿ ಎಂಟರ ಸುಮಾರಿಗೆ ನಮ್ಮ ಕರಿಯ ಜೊಲ್ಲು ಸುರಿಸುತ್ತ, ಕಾಲು ಸೋತು ತಟ್ಟಾಡತೊಡಗಿದ. ಹಾವು ಮುಟ್ಟಿರಬೇಕೆಂದು ಒಬ್ಬರು, ಸೆಳವು ಎಂದು ಇನ್ನೊಬ್ಬರು. ಯಾರೋ ಹೇಳಿದರೆಂದು ಉಪ್ಪುನೀರು, ಮೇಲೆ ಕೊಬ್ಬರಿ ಎಣ್ಣೆ ಹೊಯ್ದೆವು. ಮೂರು ಗಂಟೆಗೆ ಕರಿಯ ಇರಲಿಲ್ಲ. ಖಾಲಿಯಾದ ಪೊಟ್ಟಣ ಕಂಡದ್ದು ಬೆಳಕು ಹರಿದ ಮೇಲೆ. ಎಂಟು ಗಂಟೆಗೇ ಹೊರಟಿದ್ದರೆ ಉಳಿಯುತ್ತಿತ್ತೆಂದು ಆಣೆಯಿಟ್ಟು ಹೇಳಲಾರೆವು. ಉಳಿಸುವ ಅವಕಾಶವನ್ನು ಕಳೆದವರು ಮಾತ್ರ ನಾವೇ. ಆಮೇಲೆ ಪಶುವೈದ್ಯರಿಂದ ಕೇಳಿ ತಿಳಿದದ್ದನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಆರೋಗ್ಯದ ಲಕ್ಷಣ ಮೊದಲು ಗೊತ್ತಿರಲಿ

ನಾಯಿ ಚೆನ್ನಾಗಿರುವಾಗಲೇ ಅದರ ತುಟಿ ಎತ್ತಿ ವಸಡು ನೋಡಿ. ತಿಳಿಗೆಂಪಾಗಿರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಸುಮ್ಮನೆ ಮಲಗಿರುವಾಗ ಉಸಿರು ನಿಮಿಷಕ್ಕೆ 10ರಿಂದ 30. ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗೆ ಜ್ವರವೆನಿಸುವುದು ಅದಕ್ಕೆ ಸಹಜ.

ವಸಡು ಬಿಳುಚಿಕೊಂಡರೆ ಅಥವಾ ನೀಲಿಯಾದರೆ, ಉಸಿರಿಗೆ ಒದ್ದಾಡಿದರೆ, ಎದ್ದು ನಿಲ್ಲಲಾರದೆ ಹೋದರೆ, ಸೆಳವು ಐದು ನಿಮಿಷ ಮೀರಿದರೆ ಅಥವಾ ಮರುಕಳಿಸಿದರೆ, ಹೊಟ್ಟೆ ಉಬ್ಬಿ ವಾಂತಿ ಬಾರದೆ ಓಕರಿಸಿದರೆ, ಬೆಳಗಿನವರೆಗೆ ಕಾಯುವಂತಿಲ್ಲ. ಮರಿಗಳಲ್ಲಿ ವಾಂತಿಯೊಡನೆ ರಕ್ತಭೇದಿಯಾದರೂ ಅಷ್ಟೇ.

ವಿಷ

ನಮ್ಮ ಕೊಟ್ಟಿಗೆಗಳಲ್ಲಿ ಇರುವ ವಿಷಗಳು ಹಲವು. ಹುಳುವಿನ ಗುಳಿಗೆಯಲ್ಲಿ ತೌಡಿನಂಥ ಧಾನ್ಯದ ಪದಾರ್ಥ ಸೇರಿರುವುದರಿಂದ ನಾಯಿ ಅದನ್ನು ಆಸೆಯಿಂದ ತಿನ್ನುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಸೆಳವು, ವಿಪರೀತ ಮೈಬಿಸಿ ಕಾಣುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಸೆಳವು ನಿಲ್ಲಿಸಿ ಮೈ ತಂಪು ಮಾಡುವುದೇ ಚಿಕಿತ್ಸೆ, ಅದೂ ಬೇಗ. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಜಾತಿಯ ಕೀಟನಾಶಕವಾದರೆ ಜೊಲ್ಲು, ಭೇದಿ, ನಡುಕ, ಚುಕ್ಕಿಯಷ್ಟಾದ ಕಣ್ಣಪಾಪೆ. ಇದಕ್ಕೆ ವೈದ್ಯರ ಬಳಿ ಅಟ್ರೋಪಿನ್ ಇದೆ. ಇಲಿಪಾಷಾಣದಲ್ಲಿ ಎರಡು ಬಗೆ. ಸತುವಿನ ಫಾಸ್ಫೈಡ್ ಕೆಲವೇ ಗಂಟೆಗಳಲ್ಲಿ ಕೆಡಿಸುತ್ತದೆ. ಬ್ರೋಮಾಡಿಯೊಲೋನ್ ತಿಂದ ನಾಯಿ ಕೆಲವು ದಿನ ಏನೂ ಆಗದಂತಿದ್ದು ಆಮೇಲೆ ಒಳಗೇ ರಕ್ತ ಸುರಿಸುತ್ತದೆ. ವಿಟಮಿನ್ ಕೆ1 ಮೊದಲೇ ಸಿಕ್ಕರೆ ಬದುಕುತ್ತದೆ. ಬೋರ್ಡೋ ಮಿಶ್ರಣಕ್ಕೆ ತಂದ ಮೈಲುತುತ್ತವೂ ವಿಷವೇ. ನೀಲಿ ಹಸಿರು ವಾಂತಿ ಅದರ ಗುರುತು.

ಯಾವ ವಿಷವೆಂದು ತಿಳಿಯದೆ ಮದ್ದಿಲ್ಲ. ಆದ್ದರಿಂದ ಪೊಟ್ಟಣ, ಡಬ್ಬಿ ಅಥವಾ ಅದರ ಚೀಟಿಯನ್ನು ಜೊತೆಗೆ ಒಯ್ಯಿರಿ. ವೈದ್ಯರು ಹೇಳದೆ ವಾಂತಿ ಮಾಡಿಸಬೇಡಿ. ಎಚ್ಚರವಿಲ್ಲದ, ನಡುಗುವ ನಾಯಿಯ ಬಾಯಿಗೆ ಎಣ್ಣೆ, ಹಾಲು, ಉಪ್ಪುನೀರು ಹೊಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೈಗೆ ಔಷಧಿ ತಾಗಿದ್ದರೆ ಕೈಗವಸು ತೊಟ್ಟು ಸೋಪು ನೀರಿನಲ್ಲಿ ತೊಳೆಯಿರಿ. ನಮ್ಮ ಜ್ವರದ, ನೋವಿನ ಮಾತ್ರೆಗಳನ್ನು ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಹಾವು ಮತ್ತು ಗಾಯ

ನಾಯಿಗೆ ಹೆಚ್ಚಾಗಿ ಮೂತಿ, ಮುಂಗಾಲಿಗೆ ಕಚ್ಚುತ್ತದೆ. ಕೊಳಕುಮಂಡಲವಾದರೆ ಬಾವು, ರಕ್ತಸ್ರಾವ. ನಾಗರ, ಕಟ್ಟುಹಾವುಗಳಾದರೆ ರೆಪ್ಪೆ ಇಳಿದು ಕಾಲು ಸೋಲುತ್ತದೆ. ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕೊರಳಪಟ್ಟಿ ಬಿಚ್ಚಿ, ನಡೆಸದೆ ಎತ್ತಿಕೊಂಡು ಹೋಗಿ. ನಮ್ಮ ದೇಶದ ಪ್ರತಿವಿಷ ಈ ಮೂರಕ್ಕೂ ಗರಗಸ ಮಂಡಲಕ್ಕೂ ಮಾಡಿದ್ದು. ಕಾಫಿ ಸೀಮೆಯ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಹಾವಿನ ಬಣ್ಣ, ಆಕಾರ ನೆನಪಿಟ್ಟು ಹೇಳಿದರೆ ಸಾಕು. ಹಿಡಿಯಲು, ಹೊಡೆಯಲು ಹೋಗಬೇಡಿ.

ಚಿರತೆ, ಹಂದಿಯ ಗಾಯದಲ್ಲಿ ರಕ್ತ ಚಿಮ್ಮಿದರೆ ಶುಚಿಯಾದ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ ಒದ್ದೆ ಬಟ್ಟೆ ಮುಚ್ಚಿ. ನೋವಿನಲ್ಲಿ ಸಾಕಿದವರನ್ನೂ ಕಚ್ಚುವುದುಂಟು. ವಾಂತಿ, ಏದುಸಿರು ಇಲ್ಲದಿದ್ದರೆ ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ, ಗೋಣಿಚೀಲದ ಮೇಲೆ ಮಲಗಿಸಿ ಇಬ್ಬರು ಎತ್ತಿ. ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ನಾಯಿಯನ್ನು ನೆರಳಿಗೆ ತಂದು ಮೈಗೆ ತಣ್ಣೀರು ಸುರಿದು ಗಾಳಿ ಬೀಸಿ, ಆಮೇಲೆ ಹೊರಡಿ.

ಒಂದು ಎಚ್ಚರಿಕೆ

ದವಡೆ ಜೋತು, ಜೊಲ್ಲು ಸುರಿಸುತ್ತ, ನುಂಗಲಾರದೆ, ದನಿ ಬದಲಾದ ನಾಯಿ ಕಂಡರೆ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚು ರೋಗವಿರಬಹುದು. ಕಚ್ಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು ಮನೆಯ ಮಕ್ಕಳಿಗೇ ರಕ್ಷಣೆ.

ಈ ವಾರ ಮಾಡಬೇಕಾದ್ದು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ಘಟಕದ ನೆರವು ಕೇಳಬಹುದು. ಆದರೆ ಆಪತ್ತು ಹೆಚ್ಚಾಗಿ ಕತ್ತಲಲ್ಲಿ ಬರುತ್ತದೆ. ನಿಮ್ಮ ಊರಿಗೆ ಹತ್ತಿರದ ವೈದ್ಯರು ರಾತ್ರಿ ಸಿಗುವರೇ, ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕು ಎಂದು ಹಗಲಿನಲ್ಲೇ ಹೋಗಿ ಕೇಳಿ, ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ. ಯಾರ ಜೀಪು, ಯಾರ ಆಟೋ ಎಂಬುದೂ ಗೊತ್ತುಮಾಡಿಕೊಂಡಿರಿ. ಹೊರಡುವ ಮುನ್ನ ಫೋನ್ ಮಾಡಿದರೆ ಅಲ್ಲಿ ಮದ್ದು ಇದೆಯೋ ಇಲ್ಲವೋ ತಿಳಿಯುತ್ತದೆ.

ಕೊನೆಯದಾಗಿ, ಔಷಧಿಗಳಿಗೆ ಬೀಗವಿರುವ ಒಂದು ಪೆಟ್ಟಿಗೆ ಮಾಡಿಸಿ. ಬಡಗಿಗೆ ಅರ್ಧ ದಿನದ ಕೆಲಸ. ನಮ್ಮ ಮನೆಯಲ್ಲಿ ಈಗ ಅದಿದೆ. ಕರಿಯ ಇದ್ದಾಗಲೇ ಇರಬೇಕಿತ್ತು. ಸದಸ್ಯರು ನಮ್ಮಂತೆ ತಡಮಾಡಬಾರದೆಂದು ಕೋರುತ್ತೇವೆ.

— ಕಾರ್ಯದರ್ಶಿ